ಕೋಟಿನ ಬಾಯಿ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ
ಅನ್ನುತ್ತದೆ ನಮ್ಮ ಗಾದೆ.
ಕಾಯಾನಿಯಲ್ಲಿ ನೀರು ತಾನೇ ಮನೆಯೊಳಗೆ ಬರುತ್ತದೆ,
ಬಿಸಿಯದೊಂದು ನಲ್ಲಿ, ತಣ್ಣನೆಯದೊಂದು.
ಕೆರೆಯೇನೋ ಇದೆ,
ನವೆಂಬರಿಗೇ ಬಾಗಿಲು ಹಾಕಿಕೊಳ್ಳುತ್ತದೆ.
ಕೊಡ ಹಿಡಿದು ಎಲ್ಲಿ ನಿಲ್ಲಲಿ ನಾನು?

ಬೈದವರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಹೋಗು ನಿನ್ನ ದೇಶಕ್ಕೆ ಅಂದವನು ಒಬ್ಬನೇ,
ಅವನೂ ಕುಡಿದಿದ್ದ; ಆಮೇಲೆ ಅದೇ ಬಸ್ಸಿನಲ್ಲಿ
ಬಿದ್ದ ನನ್ನ ಕೈಗವಸು ಎತ್ತಿಕೊಟ್ಟ.
ಉಳಿದವರೆಲ್ಲ ಒಳ್ಳೆಯವರು.
ಅದೇ ಕಷ್ಟ.

ಲಿಫ್ಟಿನಲ್ಲಿ ನಾಲ್ಕನೇ ಮಹಡಿಯ ಹೆಂಗಸು
ಬೆಳಗುವ ಅಂಕಿಗಳನ್ನೇ ಓದುತ್ತಾಳೆ, ಪಂಚಾಂಗ ಓದಿದಂತೆ.
ನಾನು ಕೆಲಸ ಮಾಡುವ ವೃದ್ಧಾಶ್ರಮದ ಊಟದ ಕೋಣೆಯಲ್ಲಿ
ನನ್ನ ಪಕ್ಕದ ಕುರ್ಚಿ ಖಾಲಿ ಬಿಡುತ್ತಾರೆ.
ನನಗೆ ಇಕ್ಕಟ್ಟಾಗದಿರಲಿ ಅಂತ.
ಅದು ತಿಳಿಯಲು ಎರಡು ಚಳಿಗಾಲ ಬೇಕಾಯಿತು.

ಅವರ ಭಾಷೆಗೆ ಹದಿನೈದು ವಿಭಕ್ತಿ.
ನಮ್ಮ ಏಳನ್ನು ಕಂಠಪಾಠ ಮಾಡಿ ಬಂದವಳಿಗೆ
ಇನ್ನೆಂಟು ಏನು ಮಹಾ ಅಂದುಕೊಂಡಿದ್ದೆ.
ಒಳಗೆ ಇರುವುದಕ್ಕೊಂದು ಬಾಲ,
ಒಳಗಿನಿಂದ ಬರುವುದಕ್ಕೊಂದು,
ಒಳಕ್ಕೆ ಹೋಗುವುದಕ್ಕೆ ಮತ್ತೊಂದು.
ಆ ಮೂರನೆಯದೇ ಸದಾ ತಪ್ಪುತ್ತಿತ್ತು.

ರಾತ್ರಿ ಪಾಳಿ ಮುಗಿಸಿ ಬರುವ ದಾರಿಯುದ್ದಕ್ಕೂ
ಒಂದು ವಾಕ್ಯವನ್ನು ಹದವಾಗಿ ಹುರಿಯುತ್ತಿದ್ದೆ,
ಉಪ್ಪಿಟ್ಟಿನ ರವೆಯಂತೆ, ಸೀಯದ ಹಾಗೆ.
ಔಷಧದಂಗಡಿಯಲ್ಲಿ ಬಡಿಸಿದರೆ
ಹುಡುಗ ನಗುತ್ತಾನೆ, ಎಷ್ಟು ಮೃದುವಾಗಿ,
ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ.
ನನಗೆ ಕಷ್ಟವಾಗದಿರಲಿ ಅಂತ.
ಗ್ರಂಥಾಲಯದಲ್ಲೂ ಹಾಗೇ. ಬ್ಯಾಂಕಿನಲ್ಲೂ.
ವಾಕ್ಯ ತಟ್ಟೆಯಲ್ಲೇ ಆರುತ್ತದೆ.

ಜನವರಿ. ಮೈನಸ್ ಇಪ್ಪತ್ತಾರು. ಕೋಟಿನ ಜಿಪ್ ಕಿತ್ತುಹೋಯಿತು.
ಜಿಪ್ಪಿಗೆ ಅವರಲ್ಲಿ ಏನನ್ನುತ್ತಾರೋ, ಗೊತ್ತಿಲ್ಲ.
ಮಾರುಕಟ್ಟೆ ಚೌಕದ ಹಿಂದೆ ಕೈಸುವಿನ ರಿಪೇರಿ ಅಂಗಡಿ:
ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳು,
ಮೂಗಿನ ತುದಿಗೆ ಇಳಿದ ಕನ್ನಡಕ.
"ನನ್ನ ಕೋಟಿನ..." ಅಂದೆ.
ನಿಂತೆ.
ಹಿಂದೆ ಸಾಲಿನಲ್ಲಿ ಇಬ್ಬರು;
ಯಾರದೋ ಬೂಟಿನ ಹಿಮ ಕರಗಿ ನನ್ನ ಕಾಲಿನತ್ತ ಹರಿಯಿತು.
ಬಂತು, ಈಗ ಬಂತು ಇಂಗ್ಲಿಷು ಅಂದುಕೊಂಡೆ.
ಬರಲಿಲ್ಲ.
ಕೈಸು ಕತ್ತರಿ ಕೆಳಗಿಟ್ಟಳು. ಕಾದಳು,
ಒಲೆಯ ಮೇಲಿನ ಹಾಲಿನ ಮುಂದೆ ನಿಂತವರ ಆತುರವಿಲ್ಲದೆ,
ನನ್ನ ಹತ್ತಿರ ಹೇಳಲು ಏನೋ ಇದೆ ಎಂದು ನಂಬಿದವಳಂತೆ.

"ನನ್ನ ಕೋಟಿನ ಬಾಯಿ," ಅಂದೆ,
"ಮುಚ್ಚುವುದಿಲ್ಲ."

ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದಳು,
ಜಿಪ್ಪಿನುದ್ದಕ್ಕೂ ಹೆಬ್ಬೆರಳು ಆಡಿಸಿದಳು.
"ಹಲ್ಲು ಉದುರಿವೆ ಇದಕ್ಕೆ. ನನ್ನ ಹಾಗೇ."
ತನ್ನ ಭಾಷೆಯಲ್ಲೇ, ಒಂದಿಷ್ಟೂ ನಿಧಾನಿಸದೆ.
ನನಗೆ ಅರ್ಥವಾಯಿತು. ಸಾಲಿನಲ್ಲಿದ್ದವರೂ ನಕ್ಕರು,
ಹಲ್ಲಿಗೋ, ನನಗೋ, ಕೇಳಲಿಲ್ಲ ನಾನು.
ಚೀಟಿಯಲ್ಲಿ ಬರೆದುಕೊಟ್ಟಳು:
ಕೋಟಿನ ಬಾಯಿ. ಹದಿನೆಂಟು ಯೂರೊ. ಗುರುವಾರ.

ಊರೇನೂ ಬದಲಾಗಲಿಲ್ಲ ಇದರಿಂದ.
ನಾಲ್ಕನೇ ಮಹಡಿ ಈಗಲೂ ಅಂಕಿ ಓದುತ್ತದೆ.
ಒಮ್ಮೆ ಮಾತ್ರ, ನನ್ನ ಕೈಚೀಲ ಹರಿದು ಆಲೂಗಡ್ಡೆ ಉರುಳಿದಾಗ,
ಏನೋ ಅಂದಳು. ನನಗದು ಸರಿಯಾಗಿ ಕೇಳಿಸಲಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ಹೊಸಬಳೊಬ್ಬಳು,
ಎರಿಟ್ರಿಯಾದ ಹುಡುಗಿ; ಹೊಸ ಕೋಟು,
ಬೆಲೆಚೀಟಿಯ ದಾರ ಇನ್ನೂ ತೋಳಿನಲ್ಲಿ.
"ಆಸ್ಪತ್ರೆ..." ಅಂದಳು ನನ್ನತ್ತ ತಿರುಗಿ, ಅವರ ಭಾಷೆಯಲ್ಲಿ.
"ಆಸ್ಪತ್ರೆ..."
ಬಾಲ ಹುಡುಕುತ್ತಿದ್ದಳು, ಆ ಮೂರನೆಯದನ್ನು.
ತಿರುವಿನಲ್ಲಿ ಬಸ್ಸು ಕಂಡಿತು. ಚಳಿಯಿತ್ತು. ಪಾಪ ಅನಿಸಿತು.
ನಾನು ನಕ್ಕು, ಎಷ್ಟು ಮೃದುವಾಗಿ,
ಬಸ್ಸಿನ ನಂಬರನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಥ್ಯಾಂಕ್ಯೂ ಅಂದಳು.
ಜಿಪ್ಪನ್ನು ಗದ್ದದವರೆಗೂ ಎಳೆದುಕೊಂಡಳು.